ನಾಲ್ಕು ಕೈಗವಸು, ಎರಡು ಕೈ

"ಗೊಂಬಿಗೆ ಕೈ ಮಾಡಬ್ಯಾಡ ಟೀಚರವ್ವ. ಕೈ ಇದ್ರ ಹಿಡೀತಾವ."

ಅಮರಮ್ಮ ಹೀಗೆಂದಾಗ ಸೂಗಮ್ಮ ಟೀಚರ್ ನಕ್ಕುಬಿಟ್ಟಳು. ನಗದೆ ಏನು ಮಾಡಬೇಕು? ರಾಯಚೂರಿನಲ್ಲಿ ಹೊಲಿಗೆ ಹೆಣಿಗೆ ಕಲಿತು ಸರ್ಟಿಫಿಕೇಟು ಪಡೆದವಳು. ಗಂಡ ತೀರಿಕೊಂಡ ಮೇಲೆ ಆರು ವರ್ಷದ ಮಗಳು ಶರಣಿಯನ್ನು ಕಟ್ಟಿಕೊಂಡು, ಮಹಿಳಾ ಮಂಡಳದ ಟೀಚರಾಗಿ ದೇವದುರ್ಗದಾಚೆಯ ಈ ಹೊಳೆದಂಡೆಯ ಊರಿಗೆ ಬಂದಿದ್ದಳು. ಗೂಗಲ್ ಎಂಬ ಊರಿನ ಕಡೆಯ ಬಸ್ಸು ಇಳಿದು ಎರಡು ಮೈಲಿ ನಡೆಯಬೇಕಾದ ಊರು. ಕರೆಂಟಿನ ಕಂಬ ಬಂದಿದ್ದವು, ಕರೆಂಟು ಬಂದಿರಲಿಲ್ಲ. ಇಂಥ ಊರಿನಲ್ಲಿ ಇಂಥ ಮಾತಲ್ಲದೆ ಇನ್ನೇನು ಕೇಳಿಸೀತು ಎಂದುಕೊಂಡಳು.

"ಹಿಡದು ಏನ್ ಮಾಡ್ತಾವ ಯವ್ವಾ? ಕಬಡ್ಡಿ ಆಡ್ತಾವೇನು?"

ಮುದುಕಿ ನಗಲಿಲ್ಲ. ಹತ್ತಿ ಬಿಡಿಸಿಕೊಂಡು ಹೊಲದಿಂದ ಆಗಷ್ಟೇ ಬಂದವಳು, ಉಡಿಯೊಳಗಿನ ಹತ್ತಿಯನ್ನು ಸುರಿಯುವುದನ್ನೂ ಮರೆತು ಸೂಗಮ್ಮನ ಮಡಿಲಲ್ಲಿದ್ದ ಎರಡು ಗೊಂಬೆಗಳನ್ನೇ ನೋಡುತ್ತ ನಿಂತಿದ್ದಳು. ಸೂಗಮ್ಮ ಬಾಡಿಗೆಗಿದ್ದದ್ದು ಅಮರಮ್ಮನ ಮನೆಯ ಪಡಸಾಲೆಗೆ ಹೊಂದಿದ ಕೋಣೆಯಲ್ಲಿ. ಹಿತ್ತಲಲ್ಲಿ ಹಿಂದಿನ ಕಾಲದಲ್ಲಿ ಜೋಳ ತುಂಬಿಡುತ್ತಿದ್ದ ಒಂದು ಹಗೇವು ಇತ್ತು. ನೆಲದೊಳಗೆ ಎರಡಾಳು ಆಳ, ಮೇಲೆ ಗುಂಡನೆಯ ಬಾಯಿ, ಬಾಯಿಗೊಂದು ಚಪ್ಪಡಿ ಕಲ್ಲು. ಆ ಕಲ್ಲು ಸರಿಸಬೇಡ ಎಂದು ಬಾಡಿಗೆ ಮಾತಾಡಿದ ದಿನವೇ ಮುದುಕಿ ಹೇಳಿದ್ದಳು. ಬೇಡ ಎಂದದ್ದೇ ಸಾಕಾಯಿತು, ಮುದುಕಿ ಹೊಲಕ್ಕೆ ಹೋದದ್ದನ್ನು ನೋಡಿಕೊಂಡು ಸೂಗಮ್ಮ ಕಲ್ಲು ಸರಿಸಿದಳು.

ಮೊದಲು ಮುಖಕ್ಕೆ ಬಡಿದದ್ದು ವಾಸನೆ. ಮುಗ್ಗಿದ ಜೋಳ, ಒದ್ದೆ ಮಣ್ಣು, ಅದರ ಅಡಿಗೆ ಹಾಲುಣ್ಣುವ ಕೂಸಿನ ಬಾಯಿಯ ಹುಳಿ ವಾಸನೆ. ಮಟಮಟ ಮಧ್ಯಾಹ್ನದ ಬಿಸಿಲು ಆ ಬಾಯೊಳಗೆ ಮೊಳದಷ್ಟೂ ಇಳಿಯುತ್ತಿರಲಿಲ್ಲ. ಬಾಯಿಗೆ ಅಡ್ಡ ಹಾಕಿದ ಬಾರಿ ಗಿಡದ ಕಟ್ಟಿಗೆಯಿಂದ ದಾರದಲ್ಲಿ ಗೊಂಬೆಗಳು ಜೋತುಬಿದ್ದಿದ್ದವು. ಮೂವತ್ತೋ ನಲವತ್ತೋ. ಅರಿವೆಯ ಗೊಂಬೆಗಳು, ಒಂದು ಗೇಣಿನವು. ಕಣ್ಣು, ಹುಬ್ಬು, ತುಟಿಯ ಅಂಚು ಎಲ್ಲವನ್ನೂ ದಾರದಲ್ಲಿ ಎತ್ತಿದ್ದ ಆ ಕಸೂತಿ ನೋಡಿದರೆ ರಾಯಚೂರಿನ ಟೀಚರುಗಳೂ ಕೈಮುಗಿಯಬೇಕು. ಆದರೆ ಒಂದಕ್ಕೂ ಕೈಯಿರಲಿಲ್ಲ. ತೋಳು ಮೊಣಕೈವರೆಗೆ ಬಂದು ಮೊಂಡಾಗಿ ನಿಂತಿದ್ದವು. ಅವುಗಳಲ್ಲಿ ಹೊಸದಾಗಿ ಕಂಡ ಎರಡನ್ನು ಅವಳು ಬಿಚ್ಚಿಕೊಂಡು ಬಂದಿದ್ದಳು.

"ಅವು ಆಡೂ ಗೊಂಬಿ ಅಲ್ಲವ್ವಾ," ಎಂದಳು ಅಮರಮ್ಮ. "ಈ ಊರಾಗ ಕೂಸಿಗೆ ಸೆಟೆಬ್ಯಾನಿ ಬಂದ್ರ ಮುಂಚೆ ನಮ್ಮತ್ತಿ ಇಳಿಸಿ ಗೊಂಬ್ಯಾಗ ಹಾಕತಿದ್ಲು. ಈಗ ನಾ ಹಾಕ್ತೀನಿ. ಬ್ಯಾನಿ ಸಾಯಂಗಿಲ್ಲ, ಅದಕ್ಕೊಂದು ಜಾಗ ಬೇಕು. ಕೈ ಇಲ್ಲಂದ್ರ ಇದ್ದಲ್ಲೇ ಇರತದ."

"ಅದು ಧನುರ್ವಾಯು ಯವ್ವಾ. ದವಾಖಾನ್ಯಾಗ ಸೂಜಿ ಹಾಕಿಸಿದ್ರ ಬರಂಗಿಲ್ಲ. ಪ್ರದರ್ಶನ ಮುಗೀಲಿ, ಹೆಂಗ ತಂದೀನೋ ಹಂಗ ಇಳಿಬಿಡ್ತೀನಿ."

ಹೀಗೆ ಹೇಳಿ ಗೊಂಬೆಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಮುದುಕಿ ಬಾಗಿಲ ಹೊರಗೆ ಬಹಳ ಹೊತ್ತು ನಿಂತಿದ್ದಳು. ಆಮೇಲೆ ಹೋದಳು.

ಅದು ಎಪ್ಪತ್ತೊಂಬತ್ತರ ನವೆಂಬರ್, ಮಕ್ಕಳ ವರ್ಷವೆಂದು ಊರೂರಿನ ಗೋಡೆಗಳ ಮೇಲೆ ಬರೆಸಿದ್ದ ವರ್ಷ. ಮಕ್ಕಳ ದಿನಾಚರಣೆಗೆ ರಾಯಚೂರಿನ ಒಂದು ಶಾಲೆಯಲ್ಲಿ ಕರಕುಶಲ ಪ್ರದರ್ಶನವಿತ್ತು. ದೇವದುರ್ಗದಿಂದ ಬಂದಿದ್ದ ಸಾಹೇಬರು ಸಿದ್ದರಾಮಪ್ಪನವರು, ಯಾರ ಕೆಲಸ ಎದ್ದು ಕಾಣುತ್ತದೋ ಅವರ ಹೆಸರನ್ನು ಕಾಯಂ ಮಾಡಲು ಬರೆಯುತ್ತೇನೆ ಎಂದಿದ್ದರು. ಕಾಯಂ ಎಂಬ ಒಂದು ಮಾತಿಗೆ ಸೂಗಮ್ಮ ಗುಡ್ಡ ಹೊರಲೂ ತಯಾರಿದ್ದಳು. ಎಲ್ಲರೂ ಲಂಬಾಣಿ ಗೊಂಬೆ, ಮದುವಣಗಿತ್ತಿ ಗೊಂಬೆ ತರುತ್ತಾರೆ. ತಾನು ಕಾಶ್ಮೀರದ ಮಕ್ಕಳನ್ನು ಮಾಡಬೇಕು. ಉಲನ್ ಸ್ವೆಟರು, ಉಲನ್ ಟೋಪಿ, ಕೈಗೆ ಬೆರಳ ತುದಿಯಷ್ಟು ಸಣ್ಣ ಕೈಗವಸು. ಬೆರಳುಗಳಿಗೆಲ್ಲ ಒಂದೇ ಚೀಲ, ಹೆಬ್ಬೆರಳಿಗೆ ಬೇರೆ ಪುಟ್ಟ ಚೀಲ. ಅಂಥದ್ದು ಜಿಲ್ಲೆಯಲ್ಲೇ ಯಾರಿಗೂ ಬರುತ್ತಿರಲಿಲ್ಲ. ಗೊಂಬೆಗೆ ಕೈಯಿಲ್ಲದ್ದು ಅದರೊಳಗೆ ಮುಚ್ಚಿಯೂ ಹೋಗುತ್ತಿತ್ತು.

ಸ್ವೆಟರು, ಟೋಪಿಗಳಿಗೇ ರಾಯಚೂರಿನ ತೀನ್ ಕಂದೀಲ್ ಬಳಿಯ ಅಂಗಡಿಯಿಂದ ತಂದ ಉಲನ್ ಮುಗಿಯಿತು. ರಾಯಚೂರಿಗೆ ಹೋಗಿ ಬರಲು ವೇಳೆಯಿಲ್ಲ. ಹೆಣಿಗೆ ಬಲ್ಲ ಯಾವ ಹೆಂಗಸೂ ಇಂಥ ಹೊತ್ತಿನಲ್ಲಿ ಮಾಡುವುದನ್ನೇ ಅವಳೂ ಮಾಡಿದಳು. ಶರಣಿ ಕೂಸಾಗಿದ್ದಾಗ ಹಾಕುತ್ತಿದ್ದ ಕೆಂಪು ಉಲನ್ ಟೋಪಿ ತೆಗೆದು ಬಿಚ್ಚತೊಡಗಿದಳು. ಎರಡೂ ಕೈ ಚಾಚಿ ಕುಳಿತ ಮಗಳ ಕೈಗಳಿಗೆ ದಾರ ಸುತ್ತುತ್ತ ಹೋದಳು. ಶರಣಿಗೆ ಅದೊಂದು ಆಟ.

ಎದುರು ಮನೆಯ ಮಹಬೂಬೀ ಅದನ್ನು ನೋಡುತ್ತ ನಿಂತಿದ್ದಳು. ಗಂಡನಿಗೆ ಹೈದರಾಬಾದಿನಲ್ಲಿ ಮನೆ ಕಟ್ಟುವ ಗೌಂಡಿ ಕೆಲಸ, ಮನೆಯಲ್ಲಿ ಇವಳು ಮತ್ತು ಒಂದೂವರೆ ವರ್ಷದ ಮಗ ಖಾಜಾ. ಸೂಗಮ್ಮ ಊರಿಗೆ ಬಂದ ಮೊದಲ ದಿನ ರೊಟ್ಟಿ ಪುಂಡಿಪಲ್ಯ ತಂದುಕೊಟ್ಟವಳು ಅವಳೇ, ಶರಣಿಗೆ ಜ್ವರ ಬಂದಾಗ ರಾತ್ರಿಯೆಲ್ಲ ಕೂತವಳೂ ಅವಳೇ.

"ಇನ್ನೊಂದಕ್ಕ ನಮ್ಮ ಖಾಜಾನ ಟೋಪಿ ತೊಗೋ ಅಕ್ಕಾ," ಎಂದು ಓಡಿಹೋಗಿ ಒಂದು ಹಸಿರು ಟೋಪಿ ತಂದಳು. "ಅವನ ತಲಿಗೆ ಈಗ ಹಿಡಿಯಂಗಿಲ್ಲ. ನಮ್ಮ ಹುಡುಗನ ಉಲನ್ನರ ರಾಯಚೂರು ನೋಡಲಿ."

ಖಾಜಾನ ಕೈಗೂ ದಾರ ಸುತ್ತಿದರು. ಅವನು ಅದನ್ನು ಬಾಯಿಗೆ ಒಯ್ದು ಜೊಲ್ಲು ಹಚ್ಚಿದ. ಎಲ್ಲರೂ ನಕ್ಕರು.

ಕೈಗವಸು ಹೆಣೆಯುವುದರಲ್ಲಿ ಸೂಗಮ್ಮನದೊಂದು ಜಂಬವಿತ್ತು. ಉಳಿದವರು ಹೆಬ್ಬೆರಳಿಗೆ ಬೇರೆ ದಾರ ಹಚ್ಚುತ್ತಾರೆ. ಅವಳು ಹಚ್ಚುತ್ತಿರಲಿಲ್ಲ. ಮಣಿಕಟ್ಟಿನಿಂದ ಶುರುಮಾಡಿ, ಬೆರಳ ತುದಿ ಮುಚ್ಚಿ, ಅದೇ ದಾರವನ್ನು ಒಳಗಿನಿಂದ ಎಳೆದು ತಂದು ಕೊನೆಗೆ ಹೆಬ್ಬೆರಳು ಹೆಣೆಯುತ್ತಿದ್ದಳು. ಮೊದಲಿಂದ ಕೊನೆವರೆಗೆ ಒಂದೇ ಎಳೆ, ಎಲ್ಲೂ ಗಂಟಿಲ್ಲ. ಕೆಂಪು ಎರಡು, ಹಸಿರು ಎರಡು ಮುಗಿದವು. ಗೊಂಬೆಗಳ ಮೊಂಡುಗೈಗೆ ತೊಡಿಸಿ, ಕೆಂಪು ಕೈಗವಸಿನ ಅಂಗೈಯಲ್ಲಿ ತನ್ನ ಕಿರುಬೆರಳಿಟ್ಟು ನೋಡಿದಳು. ಹಾಲುಗೂಸು ಬೆರಳು ಹಿಡಿಯುತ್ತದಲ್ಲ, ಅಷ್ಟು ಮೆತ್ತಗೆ ಅದು ಹಿಡಿಯಿತು.

ಬೆರಳು ಎಳೆದುಕೊಂಡಳು. ಹೆಣಿಗೆ ಬಿಗಿಯಾಗಿದೆ ಎಂದುಕೊಂಡಳು. ಮರುದಿನ, ಸೋಮವಾರ, ಸಿದ್ದರಾಮಪ್ಪನವರ ಜೀಪಿನಲ್ಲಿ ಗೊಂಬೆಗಳು ರಾಯಚೂರಿಗೆ ಹೋದವು.

ಗುರುವಾರ ಬೆಳಿಗ್ಗೆ ಶರಣಿಯ ಕೈಯಿಂದ ರೊಟ್ಟಿ ಬಿತ್ತು.

"ಯಾಕ ಬೇ? ಹಿಡಕೋ."

"ಅವ್ವಾ, ಯಾರೋ ನನ್ನ ಕೈ ಹಿಡದಾರ," ಎಂದಳು ಹುಡುಗಿ. "ಬಿಡು ಅನ್ನು."

ಸೂಗಮ್ಮ ನೋಡಿದಳು. ಎರಡೂ ಕೈ ಮುಷ್ಟಿಯಾಗಿದ್ದವು. ಹೆಬ್ಬೆರಳು ಒಳಗೆ, ನಾಲ್ಕು ಬೆರಳು ಅದರ ಮೇಲೆ. ಬಿಡಿಸಲು ಹೋದಳು, ಬರಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದಳು, ಬಿಸಿನೀರಿನಲ್ಲಿ ಅದ್ದಿದಳು. ಆರು ವರ್ಷದ ಕೂಸಿನ ಬೆರಳು ಕಟ್ಟಿಗೆಯಂತಾಗಿದ್ದವು. ಮೈಮೇಲೆ ಎಲ್ಲೂ ಗಾಯವಿಲ್ಲ, ತರಚೂ ಇಲ್ಲ. ಹೊತ್ತು ಮಾರುದ್ದ ಏರುವುದರೊಳಗೆ ದವಡೆ ಬಿಗಿಯಿತು. ಹುಡುಗಿ ಮಾತು ಬಿಟ್ಟಳು. ಕಣ್ಣಷ್ಟೇ ತಾಯಿಯ ಹಿಂದೆ ತಿರುಗುತ್ತಿದ್ದವು.

ಆಗ ಎದುರು ಮನೆಯಿಂದ ಮಹಬೂಬೀ ಚೀರುತ್ತ ಬಂದಳು. ತೋಳಲ್ಲಿ ಖಾಜಾ. ಅವನ ಎರಡು ಮುಷ್ಟಿಗಳು ಎದೆಗೆ ಅಂಟಿಕೊಂಡಿದ್ದವು.

ಅಮರಮ್ಮ ಇಬ್ಬರನ್ನೂ ಮುಟ್ಟಿ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಸೂಗಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು.

"ಮಹಬೂಬೀ, ಹನ್ನೊಂದರ ಬಸ್ಸಿಗೆ ರಾಯಚೂರಿಗೆ ಹೋಗ್ರಿ. ಹುಡುಗನ ಅರಿವಿ ತೊಗೊಂಡು ಬಾ, ಓಡು," ಎಂದು ಅವಳನ್ನು ಕಳಿಸಿ, ಸೂಗಮ್ಮನ ರಟ್ಟೆ ಹಿಡಿದು ಹಗೇವಿನ ಹತ್ತಿರ ಎಳೆದುಕೊಂಡು ಹೋದಳು.

"ಯಾವ ಉಲನ್ ಹಾಕಿದಿ?"

ಸೂಗಮ್ಮ ಹೇಳಿದಳು.

"ಕೂಸಿನ ತಲಿ ಮ್ಯಾಲಿಂದು. ಬೆವರು ಕುಡದದ್ದು." ಮುದುಕಿ ಕಣ್ಣು ಮುಚ್ಚಿದಳು. "ಕೈನೂ ಕೊಟ್ಟಿ, ಯಾರನ್ನ ಹಿಡೀಬೇಕು ಅಂತನೂ ತೋರಿಸಿದಿ."

"ಯವ್ವಾ, ಸುಟ್ಟುಬಿಡ್ತೀನಿ ಅವನ್ನ. ಕತ್ತರಿಸಿ ಒಗೀತೀನಿ."

"ಸುಟ್ರ ನಿನ್ನ ಮಗಳ ಕೈ ಸುಡತದ. ಕತ್ತರಿ ಇಟ್ಟು ನೋಡು, ಗೊತ್ತಾಗತದ. ಹೆಣೆದಾಕಿನ ಬಿಚ್ಚಬೇಕು. ದಾರ ಹರೀಬಾರದು, ನೆಲಕ್ಕ ಬೀಳಬಾರದು. ಬಿಚ್ಚಿದ್ದು ನಿನ್ನ ಕೈಗೇ ಸುತ್ತಬೇಕು. ಒಂದು ಕೈಗವಸಿಗೆ ಒಂದು ಕೈ. ಸುತ್ತಿದ ಕೈ ಮತ್ತ ನಿನಗ ಬರಂಗಿಲ್ಲ."

"ನನಗಿರಾವ ಎರಡ ಕೈ ಯವ್ವಾ. ಅವು ನಾಕು ಅದಾವ."

"ಎಣಿಸೀನಿ." ಮುದುಕಿಯ ದನಿ ಸಣ್ಣಗಾಯಿತು. "ಎರಡೂ ಕೈ ಹಿಡಿದ್ರ ಕೂಸಿನ್ನ ಎಳಕೊಂಡು ಹೋಗತದ. ಒಂದು ಬಿಡಿಸಿದ್ರ ಎಳಿಯಾಕ ಆಗಂಗಿಲ್ಲ. ಕೂಸು ಉಳೀತದ. ಒಂದು ಮುಷ್ಟಿ ಮಾತ್ರ ಜನ್ಮಪೂರ್ತಿ ಹಂಗ ಇರತದ. ನಿನ್ನ ಮಗಳದು ಒಂದು ಬಿಚ್ಚು, ಮಹಬೂಬೀ ಮಗಂದು ಒಂದು ಬಿಚ್ಚು. ಹೊತ್ತು ಮುಳುಗೂದ್ರಾಗ. ಆಕಿಗೆ ನಾ ಏನೂ ಹೇಳಂಗಿಲ್ಲ, ಹೇಳಿದ್ರ ಎದಿ ಒಡಕೊಂಡು ಸಾಯ್ತಾಳ. ನೀ ಮಾತು ಕೊಡು."

"ಕೊಟ್ಟೆ ಯವ್ವಾ. ಒಂದೊಂದು. ಕೊಟ್ಟೆ."

ಕೊಟ್ಟಾಗ ಅವಳ ಮನಸ್ಸಿನಲ್ಲಿ ಕಪಟವಿರಲಿಲ್ಲ. ಇದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಮುಂದೆ ಅವಳ ಪರವಾಗಿ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ.

ಬಸ್ಸು ಕಿಕ್ಕಿರಿದಿತ್ತು. ಸಿಕ್ಕ ಒಂದು ಸೀಟಿನಲ್ಲಿ ಮಹಬೂಬೀ ಕೂತು ಖಾಜಾನನ್ನೂ ಶರಣಿಯ ತಲೆಯನ್ನೂ ಒಂದೇ ಮಡಿಲಲ್ಲಿ ಇಟ್ಟುಕೊಂಡಳು. ದಾರಿಯುದ್ದಕ್ಕೂ ಇಬ್ಬರ ಮುಷ್ಟಿಗಳ ಮೇಲೂ ಊದುತ್ತಿದ್ದಳು, ಏನನ್ನೋ ಓದಿ ಓದಿ ಊದುತ್ತಿದ್ದಳು. ಕಿಟಕಿಯಿಂದ ಬಂದ ಕಪ್ಪು ಮಣ್ಣಿನ ಧೂಳು ಮಕ್ಕಳ ತೆರೆದ ಕಣ್ಣಿನ ಮೇಲೆ ಕೂರುತ್ತಿತ್ತು. ಅವರು ರೆಪ್ಪೆ ಬಡಿಯುತ್ತಿರಲಿಲ್ಲ. ಮಹಬೂಬೀ ಸೆರಗಿನಿಂದ ಒರೆಸುತ್ತಿದ್ದಳು, ಮೊದಲು ಶರಣಿಯ ಕಣ್ಣು, ಆಮೇಲೆ ಮಗನದು.

ರಾಯಚೂರಿನ ದವಾಖಾನೆಯ ವರಾಂಡದಲ್ಲಿ ಡಾಕ್ಟರು ಇಬ್ಬರನ್ನೂ ನೋಡಿದರು. ಗಾಯ ಹುಡುಕಿದರು, ಸಿಗಲಿಲ್ಲ. ಎರಡು ಮಕ್ಕಳು, ಒಂದೇ ದಿನ, ಗಾಯವಿಲ್ಲದೆ, ಎಂದು ತಮಗೆ ತಾವೇ ಹೇಳಿಕೊಂಡು ಸೂಜಿ ಹಾಕಿದರು. ಗೋಡೆಯ ಗಡಿಯಾರದಲ್ಲಿ ಮೂರೂಮುಕ್ಕಾಲು.

"ಮಹಬೂಬೀ, ಇವಳನ್ನೂ ನೋಡಿಕೋ. ಇಬ್ಬರಿಗೂ ಔಷಧ ತರ್ತೀನಿ."

"ಹೋಗಿ ಬಾ ಅಕ್ಕಾ. ನಿನ್ನ ಮಗಳು ಬ್ಯಾರೆ, ನನ್ನ ಮಗ ಬ್ಯಾರೆ ಏನು? ಇಬ್ಬರಿಗೂ ತಾ."

ಪ್ರದರ್ಶನದ ಶಾಲೆ ಒಂದು ಮೈಲಿ ದೂರ. ಚಪ್ಪಲಿ ಎಲ್ಲಿ ಕಳೆಯಿತೋ. ಕಾವಲಿನ ಮುದುಕ ಬುರ್ಹಾನುದ್ದೀನ್ ಗೇಟಿನಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ. ನೋಡುವವರ ವೇಳೆ ಮುಗಿದಿತ್ತು. ಬರಿಗಾಲಿನ, ಕೆದರಿದ ಕೂದಲಿನ ಹೆಂಗಸನ್ನು ಕಂಡು ಅವನು ಏನೂ ಕೇಳದೆ ಬೀಗ ತೆಗೆದ.

"ಬೇಗ ಬರ್ರಿ ಬಾಯಿ," ಎಂದ. "ಆ ಕ್ವಾಣಿ ಸರಿ ಇಲ್ಲ. ಸೋಮವಾರದಿಂದ ಒಳಗ ಕೂಸು ಅತ್ತಾಂಗ ಕೇಳಸ್ತದ. ನೋಡಿದ್ರ ಯಾರೂ ಇಲ್ಲ."

ಒಳಗೆ ಕತ್ತಲು. ಕಿಟಕಿಗಳಿಗೆಲ್ಲ ಪ್ರದರ್ಶನದ ಬಟ್ಟೆ ಹೊಡೆದಿದ್ದರು. ಫಿನಾಯಿಲು, ಅಂಟು, ಹೊಸ ಬಣ್ಣದ ವಾಸನೆ. ಅದರ ಅಡಿಗೆ ಆ ಇನ್ನೊಂದು ವಾಸನೆ, ಹಗೇವಿನದು. ಮೇಜಿನ ಕೊನೆಯಲ್ಲಿ ಅವಳ ಕಾಶ್ಮೀರದ ಮಕ್ಕಳು ನಿಂತಿದ್ದರು. ಮುಂದೆ ಒಂದು ಚೀಟಿ, ಪ್ರಥಮ ಬಹುಮಾನ.

ಕೆಂಪು ಕೈಗವಸಿನ ಗೊಂಬೆಯನ್ನು ಎತ್ತಿಕೊಂಡಳು. ಕೈಗವಸು ಖಾಲಿಯಿರಬೇಕಿತ್ತು. ಖಾಲಿಯಿರಲಿಲ್ಲ. ಉಲನ್ನಿನ ಒಳಗೆ ಗಟ್ಟಿಯಾಗಿ, ಸಣ್ಣಸಣ್ಣದಾಗಿ ಏನೋ ಇತ್ತು. ಒತ್ತಿದರೆ ಸರಿಯುತ್ತಿತ್ತು. ಎಲುಬು. ಬೆರಳಿನ ಎಲುಬು.

ಮೇಜಿನ ಮೇಲೆ ಯಾರೋ ಬಿಟ್ಟಿದ್ದ ಕತ್ತರಿ ಎತ್ತಿ ಹಸಿರು ಗೊಂಬೆಯ ಎಡಗೈಗೆ ಮೊದಲು ತಾಗಿಸಿದಳು. ಮಾತು ಕೇಳುವ ಗುಣ ಅವಳಿಗೆ ಆ ಹೊತ್ತಿಗೂ ಬಂದಿರಲಿಲ್ಲ ನೋಡಿ. ಒಂದು ಎಳೆ ಕತ್ತರಿಸಿದ್ದಷ್ಟೇ, ಆ ಎಳೆಯ ತುದಿಯಿಂದ ಒಂದು ಹನಿ ರಕ್ತ ಮೇಜಿನ ಬಿಳಿ ಕಾಗದದ ಮೇಲೆ ಬಿತ್ತು. ಕತ್ತರಿ ಕೈಯಿಂದ ಜಾರಿತು. ಆ ಒಂದು ಕೈಗವಸಿನ ದಾರ ಹರಿದುಹೋಗಿತ್ತು. ಅದನ್ನು ಇನ್ನು ಬಿಚ್ಚಲು ಬರುವಂತಿರಲಿಲ್ಲ. ಖಾಜಾನಿಗೆ ಉಳಿದದ್ದು ಬಲಗೈಯದೊಂದೇ.

ಒಂದು ಸಾಕು. ಒಂದೊಂದು ಎಂದೇ ಮಾತು.

ಕೆಂಪು ಗೊಂಬೆಯ ಎಡಗೈ ಹಿಡಿದಳು. ಹೆಬ್ಬೆರಳ ತುದಿಯಲ್ಲಿ ಅಡಗಿಸಿದ್ದ ಎಳೆಯನ್ನು ಉಗುರಿನಿಂದ ಎತ್ತಿದಳು. ಎಳೆದಳು. ಕುಣಿಕೆ ಬಿಚ್ಚಿತು. ಇನ್ನೊಂದು. ಇನ್ನೊಂದು. ದಾರ ಬಿಸಿಯಾಗಿತ್ತು, ತೇವವಾಗಿತ್ತು. ತನ್ನ ಎಡಗೈಗೆ ಸುತ್ತತೊಡಗಿದಳು. ಮೊದಲ ಸುತ್ತಿಗೆ ಕಿರುಬೆರಳು ಮಡಿಚಿತು. ನಾಲ್ಕನೇ ಸುತ್ತಿಗೆ ಉಂಗುರದ ಬೆರಳು. ನೋವು ಮೂಳೆಯೊಳಗಿನಿಂದ ಏರಿ ಭುಜಕ್ಕೆ ಬಂತು. ಹೊರಗೆ ಬಿಸಿಲು ಇಳಿಯುತ್ತಿತ್ತು. ಸಾಲು ಮುಗಿಯುತ್ತ ಬಂತು. ಒಳಗಿದ್ದ ಗಟ್ಟಿ ವಸ್ತು ಒಂದೊಂದಾಗಿ ಕರಗಿತು. ಕೊನೆಯ ಕುಣಿಕೆ ಬಿಚ್ಚಿದಾಗ ಗೊಂಬೆಯ ತೋಳು ಮತ್ತೆ ಬರೀ ಮೊಂಡು, ಅವಳ ಎಡಗೈ ಮುಷ್ಟಿ. ದೂರದಿಂದ ಶರಣಿಯ ಉಸಿರು ಕೇಳಿದಂತಾಯಿತು, ನೀರಿನಿಂದ ಮೇಲೆ ಬಂದವರ ಉಸಿರು. ಶರಣಿ ಉಳಿದಳು.

ಇನ್ನು ಖಾಜಾ.

ಹಸಿರು ಗೊಂಬೆಯ ಬಲಗೈ. ದಾರದ ತುದಿಯನ್ನು ಹಲ್ಲಿನಿಂದ ಎತ್ತಬೇಕಿತ್ತು, ಬಲಗೈಗೆ ಸುತ್ತಬೇಕಿತ್ತು. ಬಾಗಿದಳು. ಹಲ್ಲಿಗೆ ಹಸಿರು ಎಳೆ ಸಿಕ್ಕಿತು. ಜೊಲ್ಲಿನ ವಾಸನೆ ಬಂತು, ಖಾಜಾನ ಜೊಲ್ಲು.

ಅಷ್ಟರಲ್ಲಿ ಪಕ್ಕದಲ್ಲಿ ಕೆಂಪು ಕಂಡಿತು.

ಶರಣಿಯ ಬಲಗೈ. ಬರೆಯುವ ಕೈ. ಉಣ್ಣುವ ಕೈ. ಬಳೆ ಇಡಿಸಿಕೊಳ್ಳುವ ಕೈ. ಮುಷ್ಟಿಗೈ ಹುಡುಗಿ ಎಂದು ಊರು ಕರೆಯುತ್ತದೆ. ಶಾಲೆಯಲ್ಲಿ ಕರೆಯುತ್ತಾರೆ. ಅಪ್ಪ ಇಲ್ಲ, ಈಗ ಅವ್ವನಿಗೆ ಕೈಯಿಲ್ಲ, ತನಗೂ ಒಂದೇ ಕೈ. ಯಾರು ನೋಡಿಕೊಳ್ಳಬೇಕು ಅವಳನ್ನು? ಮಹಬೂಬೀಗೆ ಗಂಡನಿದ್ದಾನೆ. ಇನ್ನೂ ಹೆರುವ ವಯಸ್ಸು. ಇನ್ನೊಂದಾಗುತ್ತದೆ. ಇನ್ನೊಂದಾಗುತ್ತದೆ. ಎರಡು ಸಲ ಹೇಳಿಕೊಂಡಳು. ಬೇರೆಯವರ ಮಗುವಿನ ವಿಷಯದಲ್ಲಿ ಈ ಮಾತು ಎಷ್ಟು ಸಲೀಸಾಗಿ ಬರುತ್ತದೆ!

ಹಲ್ಲು ಹಸಿರು ಎಳೆಯನ್ನು ಬಿಟ್ಟಿತು.

ಕೆಂಪು ಎಳೆಯನ್ನು ಕಚ್ಚಿತು.

ಎಳೆದಳು. ಕತ್ತು ಹಿಂದಕ್ಕೆ. ಸುತ್ತು. ಬಾಗು. ಕಚ್ಚು. ಎಳೆ. ಉಲನ್ನಿನ ನಾರು ಗಂಟಲಿಗೆ ಹೋಯಿತು. ಕೆಮ್ಮಲಿಲ್ಲ. ಕೆಮ್ಮಿದರೆ ಹರಿಯುತ್ತದೆ. ಬೆರಳು ಮಡಿಚಿತು. ಇನ್ನೊಂದು. ಕತ್ತಲಲ್ಲಿ ಕೂಸು ಅಳತೊಡಗಿತು. ಮೇಜಿನ ಮೇಲೆ. ಹತ್ತಿರದಲ್ಲೇ. ಹಸಿರು ಕೈಗವಸುಗಳು ನಿಧಾನವಾಗಿ ಮುಚ್ಚಿಕೊಳ್ಳುತ್ತಿದ್ದವು. ನೋಡಲಿಲ್ಲ. ಕಣ್ಣು ಮುಚ್ಚಿದಳು. ಎಳೆ. ಸುತ್ತು. ಎಳೆ. ಹೆಬ್ಬೆರಳು ಕೊನೆಗೆ ಹೋಯಿತು.

ಮುಗಿಯಿತು.

ಮುಗಿದ ಮೇಲೆ ಬುದ್ಧಿ ಬಂತು, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಹಸಿರು ಗೊಂಬೆಯ ಮೇಲೆ ಬಿದ್ದಳು. ಹಲ್ಲಿನಿಂದ ಎಳೆದಳು. ಸುತ್ತಲು ಕೈಯಿಲ್ಲ. ಕಾಲಿಗೆ ಸುತ್ತಿ ನೋಡಿದಳು, ದಾರ ಜಾರಿತು. ಕತ್ತಿಗೆ ಸುತ್ತಿ ನೋಡಿದಳು, ಜಾರಿತು. "ನನ್ನ ತೊಗೋ," ಎಂದಳು. "ಪೂರ್ತಿ ತೊಗೋ." ಎರಡು ಮುಷ್ಟಿಗಳಿಂದ ಮೇಜಿಗೆ ಹೊಡೆದಳು. ಅಳುವ ದನಿ ನಿಂತುಬಿಟ್ಟಿತು. ಕಿಟಕಿಯ ಬಟ್ಟೆಯ ಸಂದಿನಿಂದ ಬರುತ್ತಿದ್ದ ಕೆಂಪು ಬಿಸಿಲಿನ ಗೆರೆ ಗೋಡೆಯಿಂದ ಮಾಯವಾಗಿತ್ತು.

ಅವಳು ದವಾಖಾನೆಗೆ ಬಂದಾಗ ಶರಣಿ ವರಾಂಡದ ನೆಲದ ಮೇಲೆ ಕೂತು, ಎರಡೂ ಕೈಯಿಂದ ಬ್ರೆಡ್ಡು ಹಿಡಿದು ತಿನ್ನುತ್ತಿದ್ದಳು. ಮಹಬೂಬೀಯ ಮುಖ ಅಳು ನಗೆ ಎರಡರಲ್ಲೂ ತೊಯ್ದಿತ್ತು.

"ನೋಡಕ್ಕಾ! ನಿನ್ನ ಮಗಳು ಕೈ ಬಿಚ್ಚಿದ್ಳು! ಮೊದಲ ಒಂದು ಬಿಚ್ಚಿದ್ಳು, ಆಮ್ಯಾಲ ಇನ್ನೊಂದು. ನಾ ಹೇಳಿಲ್ಲೇನು?" ಮಡಿಲಲ್ಲಿದ್ದ ಖಾಜಾನ ಹಣೆಗೆ ಮುತ್ತಿಟ್ಟಳು. "ಇವಂದೂ ಬಿಚ್ಚತಾವ ಈಗ. ಭಾಳ ಅಳಾಕತ್ತಿದ್ದ, ಈಗ ನಿದ್ದಿ ಹತ್ಯದ. ಔಷಧ ತಂದಿಯೇನಕ್ಕಾ?"

ಸೂಗಮ್ಮ ಎರಡು ಮುಷ್ಟಿಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತಳು. ಮಗು ನಿದ್ದೆಯಲ್ಲಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಮಹಬೂಬೀಗೆ ಗೊತ್ತಾಗಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು.

ಈಗ ಎಂಬತ್ತಾರನೇ ಇಸವಿ. ಊರಿಗೆ ಕರೆಂಟು ಬಂದಿದೆ. ಕೈಯಿಲ್ಲದ ಟೀಚರಿಗೆ ಕಾಯಂ ಎಲ್ಲಿಂದ ಬರಬೇಕು, ಇದ್ದದ್ದೂ ಹೋಯಿತು. ಅಮರಮ್ಮ ಆ ವಾರವೇ ಎರಡು ಗೊಂಬೆಗಳನ್ನೂ ತರಿಸಿ ಹಗೇವಿಗೆ ಇಳಿಸಿದಳು. ಸೂಗಮ್ಮನ ಎರಡು ಮುಷ್ಟಿ ಕಂಡ ಕೂಡಲೇ ಅವಳಿಗೆ ಎಲ್ಲ ತಿಳಿದಿತ್ತು. ಬಾಡಿಗೆ ಬಿಡಿಸಲಿಲ್ಲ, ಆದರೆ ಸಾಯುವವರೆಗೆ ಸೂಗಮ್ಮನೊಂದಿಗೆ ಒಂದು ಮಾತೂ ಆಡಲಿಲ್ಲ. ಮಹಬೂಬೀಗೂ ಏನೂ ಹೇಳಲಿಲ್ಲ. ಮಕ್ಕಳ ಬ್ಯಾನಿ ಟೀಚರ ಕೈಗೂ ತಗುಲಿತೆಂದು ಊರು ಅಂದುಕೊಂಡಿತು. ಗೊಂಬೆ ಇಳಿಸುವ ಮೊದಲು ಮಹಬೂಬೀ ಒಂದು ಬೇಡಿಕೊಂಡಿದ್ದಳು, ತನ್ನ ಮಗನ ಉಲನ್ನು ತನಗೆ ಬೇಕೆಂದು. ಹಿಡಿಯುವವರನ್ನು ಹಿಡಿದಾಗಿತ್ತು, ಈಗ ಅದು ಬರೀ ಉಲನ್ನು. ಅಮರಮ್ಮ ತೆಗೆದ, ಎಳೆ ಬಿಚ್ಚಿಕೊಂಡು ಜೋತ ಎರಡು ಹಸಿರು ಕೈಗವಸು ಮಹಬೂಬೀಯ ಮನೆಯ ಗೋಡೆಯ ಮೊಳೆಯಲ್ಲಿ ಇವತ್ತಿಗೂ ತೂಗುತ್ತಿವೆ. ಅವಳಿಗೆ ಇನ್ನೊಂದಾಗಲಿಲ್ಲ.

ಶರಣಿ ದೇವದುರ್ಗದ ಹೈಸ್ಕೂಲಿಗೆ ಬೆಳಗಿನ ಬಸ್ಸಿಗೆ ಹೋಗುತ್ತಾಳೆ. ಅವಳ ಅಕ್ಷರ ಮುತ್ತು ಪೋಣಿಸಿದಂತಿದೆ. ಅವಳು ಹೋದ ಮೇಲೆ ಮಹಬೂಬೀ ಬರುತ್ತಾಳೆ. ಏಳು ವರ್ಷ ಒಂದು ದಿನವೂ ತಪ್ಪಿಲ್ಲ. ಸೂಗಮ್ಮನ ತಲೆ ಬಾಚುತ್ತಾಳೆ, ಸೀರೆ ಉಡಿಸುತ್ತಾಳೆ, ಎದುರಿಗೆ ತಾಟು ಇಟ್ಟುಕೊಂಡು ಕೂರುತ್ತಾಳೆ.

ಇವತ್ತು ಉಣಿಸುವ ಮೊದಲು ಸೂಗಮ್ಮನ ಮುಷ್ಟಿಗಳನ್ನು ಬಿಸಿನೀರಿನಲ್ಲಿ ತೊಳೆದಳು. ಬೆರಳ ಸಂದಿಗಳಲ್ಲಿ ಮೆತ್ತಗೆ ಅರಿವೆ ಆಡಿಸಿ ಒರೆಸಿದಳು. ಒರೆಸುತ್ತ ಒರೆಸುತ್ತ ಕೈ ನಿಲ್ಲಿಸಿದಳು.

"ನನ್ನ ಖಾಜಾನ ಕೈನೂ ಹಿಂಗ ಇದ್ದವಕ್ಕಾ, ಕಡೀ ದಿನ," ಎಂದಳು. "ನಿನ್ನ ಕೈ ತೊಳ್ಯಾಗ ಅವನ್ನ ತೊಳದಾಂಗ ಆಗತದ ನನಗ."

ಸೂಗಮ್ಮನ ಗಂಟಲಿಗೆ ಏಳು ವರ್ಷದ ಮಾತು ಬಂತು. ಇವತ್ತು ಹೇಳಬೇಕು. ಇವತ್ತು ಹೇಳಿಯೇಬಿಡಬೇಕು. "ಮಹಬೂಬೀ, ಅವತ್ತು ನಾನು," ಎಂದು ಬಾಯಿ ತೆರೆದಳು.

"ಉಣ್ಣೂ ಮುಂದ ಮಾತಾಡಬಾರದಕ್ಕಾ," ಎಂದು ಮಹಬೂಬೀ ತೆರೆದ ಬಾಯಿಗೆ ರೊಟ್ಟಿಯ ತುತ್ತು ಇಟ್ಟಳು.

ಸೂಗಮ್ಮ ಅಗಿದಳು. ನುಂಗಿದಳು. ಮತ್ತೆ ಬಾಯಿ ತೆರೆದಳು. ಅಷ್ಟರಲ್ಲಿ ಇನ್ನೊಂದು ತುತ್ತು ತಯಾರಾಗಿತ್ತು.